ಕಾಲದ ಕೈಯಲ್ಲಿ ಜರಡಿಯಿಲ್ಲ

ಹಳೆಯ ಹಾಡಿನ ಮಾತೆತ್ತಿದರೆ ಸಾಕು, ಯಾರಾದರೊಬ್ಬರು ಕಣ್ಣು ಅರೆಮುಚ್ಚಿ ಹೇಳುತ್ತಾರೆ: “ಆಗಿನದೇ ಬೇರೆ ಬಿಡಿ. ಈಗಿನ ಹಾಡು ಒಂದು ವಾರ ಬಾಳೋದಿಲ್ಲ. ಅದು ಒಳ್ಳೇದಿತ್ತು, ಅದಕ್ಕೇ ಉಳಿದುಕೊಂಡಿದೆ.” ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರು ಪಿ.ಬಿ. ಶ್ರೀನಿವಾಸರ ಹಾಡೊಂದನ್ನು ಎತ್ತಿಕೊಂಡಾಗ ಈ ಮಾತು ಬರುತ್ತದೆ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಕಪ್ಪು-ಬಿಳುಪು ಚಿತ್ರ ಹಾಕಿದಾಗಲೂ ಬರುತ್ತದೆ. ನಲವತ್ತರ ಹತ್ತಿರ ಬಂದ ಸಾಫ್ಟ್‌ವೇರ್ ಹುಡುಗರು ಮಾರಿಯೊ, ಕಾಂಟ್ರಾ ಆಟಗಳನ್ನು ಫೋನಿಗೆ ಇಳಿಸಿಕೊಂಡು ಹೇಳುವುದೂ ಇದನ್ನೇ. ಓದಿಕೊಂಡವರು ಇದಕ್ಕೆ ತತ್ತ್ವದ ಪಂಚೆ ಉಡಿಸುತ್ತಾರೆ: ಕಾಲವೇ ಜರಡಿ, ಹೊಟ್ಟೆಲ್ಲ ಉದುರಿಹೋಗಿ ಕಾಳು ನಿಲ್ಲುತ್ತದೆ.

ಈ ಮಾತು ಸುಳ್ಳು. ಯಾರಿಗೂ ತೊಂದರೆ ಕೊಡದ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದು ಹಾಗಲ್ಲ. ಒಳ್ಳೆಯದು ತಾನಾಗಿಯೇ ಉಳಿಯುತ್ತದೆ ಎಂದು ನಂಬಿದವನು ಅದನ್ನು ಉಳಿಸಲು ಯಾಕೆ ಮೈ ಬಗ್ಗಿಸುತ್ತಾನೆ? ಹಳೆಯದನ್ನು ಬಾಯ್ತುಂಬ ಹೊಗಳುವ ನಾವೇ ಅದನ್ನು ಕೊಳೆಯಲು ಬಿಟ್ಟಿದ್ದೇವೆ, ಬಿಟ್ಟದ್ದು ತಪ್ಪೆಂದು ಅನಿಸದಿರಲು ಈ ಹೊಗಳಿಕೆಯನ್ನೇ ಅಡ್ಡ ಇಟ್ಟುಕೊಂಡಿದ್ದೇವೆ.

ಕನ್ನಡದ ಮೊದಲ ವಾಕ್ಚಿತ್ರದಿಂದಲೇ ಲೆಕ್ಕ ಶುರುಮಾಡೋಣ. ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ನಿರ್ದೇಶನ ವೈ.ವಿ. ರಾವ್ ಅವರದು. ಸಂಭಾಷಣೆ, ಹಾಡು ಬೆಳ್ಳಾವೆ ನರಹರಿಶಾಸ್ತ್ರಿಗಳದು. ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ಆಗ ನಮ್ಮಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೊ ಇರಲಿಲ್ಲವಾದ್ದರಿಂದ ತಂಡವೆಲ್ಲ ಕೊಲ್ಲಾಪುರಕ್ಕೆ ಹೋಗಿ ಛತ್ರಪತಿ ಸಿನೆಟೋನ್‌ನಲ್ಲಿ ಚಿತ್ರ ಮುಗಿಸಿಕೊಂಡು ಬಂತು. ಇಷ್ಟೆಲ್ಲ ವಿವರ ನಮಗೆ ಗೊತ್ತಿದೆ. ಮಾರ್ಚ್ 3 ಬಂದರೆ ಪತ್ರಿಕೆಗಳು ನೆನಪಿಸುತ್ತವೆ, ಭಾಷಣಗಳಲ್ಲಿ ಹೆಸರು ಬರುತ್ತದೆ. ಚಿತ್ರ ಮಾತ್ರ ಇಲ್ಲ. ಅದರ ಪ್ರತಿ ಎಲ್ಲಿಯೂ ಸಿಕ್ಕಿಲ್ಲ. ಸುಬ್ಬಯ್ಯನಾಯ್ಡು ಮೇಘನಾದನಾಗಿ ಹೇಗೆ ಗರ್ಜಿಸಿದರು, ನಾಟಕದ ರಂಗದ ಮೇಲೆ ಮೆರೆದ ನಾಗೇಂದ್ರರಾಯರು ಕ್ಯಾಮೆರಾದ ಮುಂದೆ ಹೇಗೆ ನಿಂತರು ಎಂದು ಇವತ್ತಿನ ಯಾವ ಕನ್ನಡಿಗನೂ ಕಣ್ಣಾರೆ ನೋಡುವಂತಿಲ್ಲ.

ಕಾಲದ ಜರಡಿಯವರನ್ನು ಇಲ್ಲಿ ನಿಲ್ಲಿಸಿ ಕೇಳಬೇಕು. ‘ಸತಿ ಸುಲೋಚನ’ ಹೊಟ್ಟಾಗಿತ್ತೆ, ಕಾಳಾಗಿತ್ತೆ? ಹೇಗೆ ತೀರ್ಮಾನಿಸುತ್ತೀರಿ? ನೋಡದೆ ತೀರ್ಪು ಕೊಡುವುದಾದರೆ ಅದು ವಿಮರ್ಶೆಯಾಗುವುದಿಲ್ಲ. ಹೋದದ್ದೆಲ್ಲ ಹೋಗಬೇಕಾದದ್ದೇ ಎನ್ನುವುದು, ಸತ್ತವನ ಮನೆಗೆ ಹೋಗಿ ಆಯುಷ್ಯ ಅಷ್ಟೇ ಇತ್ತು ಎಂದು ಹೇಳಿ ಕಾಫಿ ಕುಡಿದು ಬರುವವರ ಸಮಾಧಾನ.

ಹಳೆಯ ಚಿತ್ರಗಳು ಸತ್ತದ್ದು ಗುಣ ಸಾಲದೆ ಅಲ್ಲ. ಸತ್ತ ಕಾರಣಗಳು ತೀರ ಲೌಕಿಕವಾದವು. 1950ರ ದಶಕದ ಆರಂಭದವರೆಗೂ ಫಿಲ್ಮಿನ ಪಟ್ಟಿ ನೈಟ್ರೇಟಿನದು. ಅದಕ್ಕೆ ಬೆಂಕಿ ಹತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. ಇಟ್ಟಲ್ಲೇ ಇಟ್ಟರೂ ಅಂಟಾಗಿ, ಕೊನೆಗೆ ಪುಡಿಯಾಗಿ ಹೋಗುತ್ತದೆ. ಆಮೇಲೆ ಬಂದ ಅಸಿಟೇಟ್ ಪಟ್ಟಿಗೆ ಬೆಂಕಿಯ ಭಯ ಕಡಿಮೆ, ಆದರೆ ಸೆಕೆ ಮತ್ತು ತೇವಕ್ಕೆ ಅದು ಹುಳಿಯುತ್ತದೆ. ಡಬ್ಬ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಫಿಲ್ಮ್ ಕುಗ್ಗಿ ಬಾಗಿರುತ್ತದೆ, ಯಂತ್ರಕ್ಕೆ ಕೂರುವುದಿಲ್ಲ. ಮದರಾಸಿನ ಸೆಕೆಯಲ್ಲೇ ದಕ್ಷಿಣದ ಸಿನಿಮಾದ ಬಹುಪಾಲು ಬೆಳೆಯಿತು. ಬಹುಕಾಲ ಕನ್ನಡ ಚಿತ್ರಗಳ ಸಂಸ್ಕರಣೆಯೂ ಅಲ್ಲಿನ ಲ್ಯಾಬುಗಳಲ್ಲೇ ಆಯಿತು. ಚಿತ್ರ ಬಿಡುಗಡೆಯಾಗಿ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿದ ಮೇಲೆ ಅಲ್ಲಿಟ್ಟ ನೆಗೆಟಿವ್ ಯಾರಿಗೂ ಬೇಡದ ವಸ್ತು. ನಿರ್ಮಾಪಕ ನಷ್ಟದಲ್ಲಿದ್ದರೆ ಲ್ಯಾಬಿನ ಬಾಕಿ ಯಾರು ತೀರಿಸುತ್ತಾರೆ? ಗೆದ್ದಿದ್ದರೆ ಅವನ ಮನಸ್ಸು ಆಗಲೇ ಮುಂದಿನ ಚಿತ್ರದಲ್ಲಿ.

ಇನ್ನೊಂದು ಕಾರಣ ಬೆಳ್ಳಿ. ಕಪ್ಪು-ಬಿಳುಪು ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಗುಜರಿಯವರು ರೀಲುಗಳನ್ನು ತೂಕಕ್ಕೆ ಕೊಂಡು ಬೆಳ್ಳಿ ತೆಗೆದುಕೊಳ್ಳುತ್ತಿದ್ದರು. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’, ಹಾಗೆಯೇ ಹೋಯಿತೆಂದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಹೇಳುತ್ತಿದ್ದರು. ಆ ಚಿತ್ರದ ನಿರ್ದೇಶಕ ಆರ್ದೇಶಿರ್ ಇರಾನಿಯವರ ಮನೆಯವರನ್ನೇ ವಿಚಾರಿಸಿದವರು ಅವರು. ಆ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಮೂಕಿ ಯುಗ ಮುಗಿದು ಮೂವತ್ತು ವರ್ಷ ಆಗಿತ್ತು, ಹೋಗಬೇಕಾದದ್ದರಲ್ಲಿ ಹೆಚ್ಚಿನದು ಹೋಗಿತ್ತು. ಈ ದೇಶದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಇವತ್ತು ಸಿಗುವುದು ಬೆರಳೆಣಿಕೆಯಷ್ಟು, ಅವುಗಳಲ್ಲೂ ಹಲವು ತುಂಡು ತುಂಡು. ಉಳಿದಿದ್ದ ನೈಟ್ರೇಟ್ ರೀಲುಗಳಲ್ಲಿ ಒಂದು ದೊಡ್ಡ ಪಾಲು 2003ರ ಜನವರಿಯಲ್ಲಿ ಪುಣೆಯಲ್ಲಿ ಹತ್ತಿದ ಬೆಂಕಿಗೆ ಆಹುತಿಯಾಯಿತು. ಗೋದಾಮಿನ ಬೆಂಕಿ ಯಾವ ಚಿತ್ರದ ಛಾಯಾಗ್ರಹಣ ಚೆನ್ನಾಗಿತ್ತು ಎಂದು ನೋಡಿ ಸುಟ್ಟಿತೆ?

ಬಡ ದೇಶ, ಬಿಸಿಲಿನ ನಾಡು, ಅದಕ್ಕೇ ಹೀಗಾಯಿತು ಎನ್ನುವವರಿಗೆ ಅಮೆರಿಕದ ಲೆಕ್ಕ ತೋರಿಸಬೇಕು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಡೇವಿಡ್ ಪಿಯರ್ಸ್ ಅವರ ವರದಿಯ ಪ್ರಕಾರ, ಆ ದೇಶದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ 14 ಮಾತ್ರ. ಹಣವಿತ್ತು, ಚಳಿಯಿತ್ತು, ಸ್ಟುಡಿಯೊಗಳಿದ್ದವು. ಹಳೆಯದನ್ನು ಇಟ್ಟುಕೊಳ್ಳುವ ಖರ್ಚಿಗಿಂತ ಎಸೆಯುವುದೇ ಅಗ್ಗವಾಗಿತ್ತು, ಅಷ್ಟೆ. ಇನ್ನು ಹೊರದೇಶಗಳಲ್ಲಿ ಉಳಿದವುಗಳ ಕಥೆ ಕೇಳಿದರೆ ಜರಡಿಯ ವಾದಕ್ಕೆ ಇನ್ನೂ ಪೆಟ್ಟು ಬೀಳುತ್ತದೆ. ಜರ್ಮನಿಯ ಮುರ್ನೌ ತೆಗೆದ 1922ರ ‘ನೊಸ್‌ಫೆರಾಟು’ ಚಿತ್ರವನ್ನು, ‘ಡ್ರಾಕುಲಾ’ ಕಾದಂಬರಿಯ ಹಕ್ಕು ಪಡೆಯದೆ ತೆಗೆದದ್ದಕ್ಕಾಗಿ, ಎಲ್ಲ ಪ್ರತಿಗಳನ್ನೂ ನಾಶಮಾಡಿ ಎಂದು ನ್ಯಾಯಾಲಯವೇ ಆದೇಶಿಸಿತ್ತು. ಚಿತ್ರ ಇವತ್ತಿಗೂ ಇದೆ. ಆದೇಶ ಮುಟ್ಟದ ಊರುಗಳಲ್ಲಿ ಪ್ರತಿಗಳು ಚದುರಿಹೋಗಿದ್ದವು, ಅವೇ ಉಳಿದವು. ಲಂಡನ್ನಿನ ಬಿಬಿಸಿ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಕಂತುಗಳ ಟೇಪುಗಳನ್ನು ಅಳಿಸಿ ಅವುಗಳ ಮೇಲೆ ಬೇರೆ ಕಾರ್ಯಕ್ರಮ ಮುದ್ರಿಸಿಕೊಂಡಿತು. ಕಳೆದುಹೋದ ಕಂತುಗಳ ಧ್ವನಿಯಾದರೂ ಇವತ್ತು ಸಿಗುವುದು, ಮನೆಯಲ್ಲಿ ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕೂತ ಕೆಲವು ಹುಡುಗರಿಂದ. ಕಾಲ ಕೈಯಾಡಿಸಿದ್ದಲ್ಲ. ಯಾರೋ ಕಳ್ಳರು, ಯಾರೋ ಹುಚ್ಚರು, ಯಾರೋ ವಿಧೇಯತೆ ಇಲ್ಲದವರು ಇಟ್ಟುಕೊಂಡರು.

ನಮ್ಮ ಮೈಸೂರಿಗೆ ಸಂಬಂಧಪಟ್ಟ ಒಂದು ಧ್ವನಿಯೂ ಹಾಗೆ ಉಳಿದದ್ದೇ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಧ್ವನಿಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಹೆಸರು ಮೊದಲ ಸಾಲಿನದು. ಮೂರು ನಿಮಿಷದ ತಟ್ಟೆಗೆ ಹೊಂದುವಂತೆ ರಾಗವನ್ನು ಅಡಕಮಾಡಿ ಹಾಡುವ ವಿದ್ಯೆ ಆಕೆಗೆ ಸಿದ್ಧಿಸಿತ್ತು. ಆ ಹಾಡುಗಳ ಪ್ಲೇಟುಗಳು ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗಿ ಬರುತ್ತಿದ್ದವು. ಆಕೆಯ ಹಾಡು ನಮಗೆ ಸಿಗುವುದು ಆ ಕಾರ್ಖಾನೆಯಿಂದ, ಆಮೇಲೆ ಆ ಪ್ಲೇಟುಗಳನ್ನು ಗುಜರಿ ಅಂಗಡಿಗಳಿಂದ ಆಯ್ದು ತಂದ ಸಂಗ್ರಾಹಕರಿಂದ. ಅದೇ ಗೌಹರ್ 1928ರಲ್ಲಿ ಮೈಸೂರಿನ ಆಸ್ಥಾನ ಸೇರಿ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಗಿಂತ ಚೆನ್ನಾಗಿ ಹಾಡುತ್ತಿದ್ದು ಧ್ವನಿ ಮುದ್ರಿಸಲು ಒಪ್ಪದ, ಅಥವಾ ಯಾರೂ ಮುದ್ರಿಸಲು ಕೇಳದ ಎಷ್ಟು ಗಾಯಕಿಯರಿದ್ದರೋ, ಜರಡಿಯ ಮಾತಿನ ಪ್ರಕಾರ ಅವರೆಲ್ಲ ಹೊಟ್ಟು.

ಇಷ್ಟು ಹೇಳಿದ ಮೇಲೂ ಒಂದು ಉತ್ತರ ಬರುತ್ತದೆ: “ಹೋದದ್ದು ಹೋಗಲಿ ಸ್ವಾಮಿ, ಉಳಿದದ್ದನ್ನು ನೋಡಿ. ಆ ಕಾಲದ ಅಭಿರುಚಿಯೇ ಎತ್ತರದ್ದು.” ಆ ಕಾಲದ ಅಭಿರುಚಿಯನ್ನು ಆ ಕಾಲದವರೇ ಏನೆಂದುಕೊಂಡಿದ್ದರು ಎಂದು ನೋಡಿದ್ದೀರಾ? ಇವತ್ತು ಸುವರ್ಣಯುಗ ಎಂದು ಕೈಮುಗಿಯುವ ಐವತ್ತರ ದಶಕದ ಸಿನಿಮಾ ಹಾಡುಗಳನ್ನು, ಅದೇ ದಶಕದಲ್ಲಿ ಭಾರತ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಕೀಳು ಸಂಗೀತ ಎಂದು ಬಗೆದು ಆಕಾಶವಾಣಿಯಲ್ಲಿ ಅವುಗಳ ಸಮಯಕ್ಕೆ ಕತ್ತರಿ ಹಾಕಿದರು. ಜನ ಸುಮ್ಮನೆ ರೇಡಿಯೊದ ಮುಳ್ಳನ್ನು ಸಿಲೋನ್ ಕಡೆಗೆ ತಿರುಗಿಸಿದರು. 1952ರ ಕೊನೆಯಲ್ಲಿ ಅಲ್ಲಿ ಶುರುವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಮನೆಮನೆಯ ಮಾತಾಯಿತು. ಕೇಳುಗರೆಲ್ಲ ಹೊರದೇಶದ ನಿಲಯಕ್ಕೆ ಹೋದದ್ದನ್ನು ಕಂಡು 1957ರ ಅಕ್ಟೋಬರ್ 3ರಂದು ಸರ್ಕಾರ ವಿವಿಧಭಾರತಿ ಶುರುಮಾಡಿತು. ಇವತ್ತು ಅಜ್ಜಂದಿರು ಮೊಮ್ಮಕ್ಕಳ ಹಾಡಿಗೆ ಹೇಳುವ ಬೈಗುಳಗಳನ್ನೆಲ್ಲ – ಅಬ್ಬರ, ಪರದೇಶಿ ತಾಳ, ಅರ್ಥವಿಲ್ಲದ ಮಾತು – ಆಗಿನ ಹಿರಿಯರು ಈ ಅಜ್ಜಂದಿರ ಹಾಡಿಗೆ ಹೇಳಿದ್ದರು.

ಕನ್ನಡದ್ದೇ ಬೇಕೆಂದರೆ ‘ಪ್ರೇಮಲೋಕ’ ಇದೆ. 1987ರಲ್ಲಿ ರವಿಚಂದ್ರನ್, ಹಂಸಲೇಖ ಸೇರಿ ಅದನ್ನು ತಂದಾಗ ಕ್ಯಾಸೆಟ್ ಅಂಗಡಿಗಳ ಮುಂದೆ ಹುಡುಗರ ಸಾಲು, ಮನೆಗಳಲ್ಲಿ ಹಿರಿಯರ ಗೊಣಗಾಟ. ಇಂಗ್ಲಿಷ್ ಬೆರೆಸಿದ ಆಡುಮಾತಿನ ಸಾಹಿತ್ಯ, ಸಿಂಥಸೈಜರ್, ಡ್ರಮ್ಸ್: ಇದು ಹಾಡೇ ಅಲ್ಲ ಎಂದವರು ಕಡಿಮೆಯಿಲ್ಲ. ಆಗ ಅದನ್ನು ಕೇಳಿ ಕುಣಿದವರಿಗೆ ಈಗ ಐವತ್ತು ದಾಟಿದೆ, ಅವರ ಪಾಲಿಗೆ ‘ಪ್ರೇಮಲೋಕ’ ಹಳೆಯ ಒಳ್ಳೆಯ ಕಾಲ. ಚಿನ್ನದ ಗಡಿ ಹೀಗೆ ಪ್ರತಿ ಇಪ್ಪತ್ತು ವರ್ಷಕ್ಕೊಮ್ಮೆ ಮುಂದೆ ಸರಿಯುತ್ತಲೇ ಇರುತ್ತದೆ. ಸಂಗೀತ ಬದಲಾಗಲಿಲ್ಲ, ಕೇಳುಗನಿಗೆ ವಯಸ್ಸಾಯಿತು. ಅಮೆರಿಕದ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಅತಿ ಹೆಚ್ಚು ಮೆಚ್ಚುವುದು ತಮಗೆ ಸುಮಾರು ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಚಾಲ್ತಿಯಲ್ಲಿದ್ದ ಹಾಡುಗಳನ್ನು ಎಂಬುದು ಕಂಡುಬಂತು. ಇಪ್ಪತ್ತನಾಲ್ಕರ ಪ್ರೇಮ, ಇಪ್ಪತ್ತನಾಲ್ಕರ ನಿರುದ್ಯೋಗ, ಇಪ್ಪತ್ತನಾಲ್ಕರ ತಲೆಗೂದಲು, ಎಲ್ಲವೂ ಆ ಹಾಡಿಗೆ ಅಂಟಿಕೊಂಡಿವೆ. ಅದನ್ನು ಪ್ರೀತಿಸುವುದು ತಪ್ಪಲ್ಲ. ನನ್ನ ತಾರುಣ್ಯವೇ ಸಂಗೀತದ ಅಳತೆಗೋಲು ಎಂದು ಬೇರೆಯವರ ಮೇಲೆ ಹೇರುವುದು ತಪ್ಪು.

ಹುಟ್ಟುವ ಮೊದಲಿನ ಹಾಡನ್ನು ಇವತ್ತಿನ ಹುಡುಗಿಯರು ಕೇಳುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಚತುರರು ಕೇಳುತ್ತಾರೆ. ಇದು ಎದುರು ಪಕ್ಷದ ಅತ್ಯಂತ ಗಟ್ಟಿ ಪ್ರಶ್ನೆ, ಹಾರಿಸಿ ಹೋಗುವಂತಿಲ್ಲ. ಎಪ್ಪತ್ತರ ದಶಕದ ರಾಜನ್-ನಾಗೇಂದ್ರ, ವಿಜಯಭಾಸ್ಕರ್, ಜಿ.ಕೆ. ವೆಂಕಟೇಶರ ಹಾಡುಗಳಲ್ಲಿ ಹಳೆನೆನಪಿನ ಹಂಗಿಲ್ಲದ ಸೊಗಸು ನಿಜಕ್ಕೂ ಇದೆ. ಹತ್ತಾರು ವಾದ್ಯಗಾರರು ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಿದ ಧ್ವನಿಗೆ ಒಂದು ಉಸಿರಿದೆ, ಅದನ್ನು ಯಾವ ವಯಸ್ಸಿನವರಾದರೂ ಕೇಳಬಲ್ಲರು. ಆದರೆ ಆ ಹುಡುಗಿಗೆ ತಲುಪಿದ ಹಾಡು ಯಾವುದು, ಯಾರು ತಲುಪಿಸಿದರು? 2017ರಲ್ಲಿ ಸಾರೆಗಾಮಾ ಕಂಪನಿ ಹಳೆಯ ರೇಡಿಯೊದ ಚಹರೆಯಲ್ಲಿ ‘ಕಾರವಾನ್’ ಎಂಬ ಪೆಟ್ಟಿಗೆ ತಂದಿತು, ಒಳಗೆ ಹಿಂದಿಯ 5,000 ಹಾಡು. ಅದೇ ಕಂಪನಿಯ ಭಂಡಾರದಲ್ಲಿರುವುದು ಲಕ್ಷಕ್ಕೂ ಹೆಚ್ಚು ಹಾಡು. ಪೆಟ್ಟಿಗೆಯೊಳಗೆ ಬಂದವು ಶಾಶ್ವತವಾದವು, ಹೊರಗೆ ನಿಂತವು ಮರೆಯಾದವು. ಆರಿಸಿದ್ದು ಕಾಲವೆ? ಕಂಪನಿಯ ಕಚೇರಿಯಲ್ಲಿ ಕೂತವರು ಪಟ್ಟಿ ಮಾಡಿ ಆರಿಸಿದರು, ಹಿಂದೆ ಚೆನ್ನಾಗಿ ಮಾರಿದ್ದನ್ನೇ ಮತ್ತೆ ಆರಿಸಿದರು. ಯೂಟ್ಯೂಬು, ರೀಲ್ಸು ಮಾಡುವುದೂ ಇದನ್ನೇ: ಕೇಳಿದ್ದನ್ನೇ ಕೇಳಿಸುತ್ತವೆ, ಹತ್ತು ಲಕ್ಷ ಜನ ನೋಡಿದ್ದನ್ನು ಹನ್ನೊಂದನೆಯ ಲಕ್ಷಕ್ಕೆ ತಳ್ಳುತ್ತವೆ. ಅದರಿಂದ ಹಳೆಯ ಕನ್ನಡ ಸಂಗೀತವೆಂದರೆ ಒಂದು ಇನ್ನೂರು ಹಾಡು ಎಂದಾಗಿಬಿಟ್ಟಿದೆ. ಅದೇ ಗಾಯಕರ, ಅದೇ ಸಂಗೀತ ನಿರ್ದೇಶಕರ ಉಳಿದ ಹಾಡುಗಳನ್ನು ಕೇಳಿದವರು ಎಷ್ಟು ಮಂದಿ? ಹಳೆಯ ಹಾಡಿನ ಅಭಿಮಾನಿ ಎಂದುಕೊಳ್ಳುವವರನ್ನು ಹಿಡಿದು, ಕಳೆದ ಒಂದು ವರ್ಷದಲ್ಲಿ ನೀವು ಮೊದಲ ಸಲ ಕೇಳಿದ ಹಳೆಯ ಹಾಡು ಯಾವುದು ಎಂದು ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ.

ನಮ್ಮ ಈ ಪ್ರೀತಿಯ ಬಣ್ಣವೂ ಬಯಲಾಗಿದೆ, ಅಕ್ಷರಶಃ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ಹಚ್ಚಿ 2008ರಲ್ಲಿ ಮರುಬಿಡುಗಡೆ ಮಾಡಿದರು. 1971ರ ‘ಕಸ್ತೂರಿ ನಿವಾಸ’ಕ್ಕೆ ಹಚ್ಚಿ 2014ರಲ್ಲಿ ಬಿಟ್ಟರು. ಜನ ಮುಗಿಬಿದ್ದು ನೋಡಿದರು, ಶಿಳ್ಳೆ ಹೊಡೆದರು, ನನಗೂ ಆ ಸಂಭ್ರಮ ಇಷ್ಟವಾಯಿತು. ಆದರೆ ಛಾಯಾಗ್ರಾಹಕ ಬೆಳಕು-ನೆರಳಿನಲ್ಲಿ ಯೋಚಿಸಿ ಇಟ್ಟ ದೃಶ್ಯಕ್ಕೆ ನಲವತ್ತು ವರ್ಷದ ಮೇಲೆ ಕಂಪ್ಯೂಟರಿನಲ್ಲಿ ಸೀರೆಯ ಬಣ್ಣ ನಿರ್ಧರಿಸುವುದು ಹಳೆಯದರ ಮೇಲಿನ ಗೌರವವೆ? ಇದ್ದ ಹಾಗೆ ಇದ್ದರೆ ಯಾರೂ ನೋಡುವುದಿಲ್ಲ ಎಂಬ ಅನುಮಾನ ಅದರೊಳಗಿದೆ. ಟಿವಿ ವಾಹಿನಿಗಳು ಇನ್ನೂ ಒಂದು ಹೆಜ್ಜೆ ಮುಂದೆ: ಹೆಚ್ಚುಕಡಿಮೆ ಚೌಕದಂತಿದ್ದ ಹಳೆಯ ಚೌಕಟ್ಟನ್ನು ಅಗಲ ಪರದೆಗೆ ಎಳೆದು ನಾಯಕಿಯನ್ನು ದಪ್ಪ ಮಾಡುತ್ತಾರೆ, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿ ಅವಳ ಮುಡಿಯನ್ನೇ ಹಾರಿಸುತ್ತಾರೆ. ನೋಡುತ್ತ ಕೂತ ನಾವು ‘ಆಹಾ, ಆ ಕಾಲ’ ಎನ್ನುತ್ತೇವೆ. 2025ರ ಮಾರ್ಚ್‌ನಲ್ಲಿ ಪುನೀತ್ ಅವರ ‘ಅಪ್ಪು’ ಮತ್ತೆ ಬಂದು ಚಿತ್ರಮಂದಿರಗಳು ತುಂಬಿದವು, ಒಳ್ಳೆಯದೇ. ಮರುಬಿಡುಗಡೆಗೆ ಬರುವುದು ಯಾವ ಚಿತ್ರ ಎಂದು ನೋಡಿ: ಅಭಿಮಾನಿಗಳಿರುವ ನಟನ ಚಿತ್ರ, ಹುಟ್ಟುಹಬ್ಬವಿರುವ ನಟನ ಚಿತ್ರ. ಎನ್. ಲಕ್ಷ್ಮೀನಾರಾಯಣರ 1964ರ ‘ನಾಂದಿ’ಗೆ ಕಟೌಟ್ ನಿಲ್ಲಿಸುವವರಿಲ್ಲ.

ವಿಡಿಯೊ ಗೇಮಿನವರು ತಾವು ಇದರಿಂದ ಹೊರಗೆ ಎಂದುಕೊಂಡಿದ್ದರೆ ಅವರಿಗೂ ಒಂದು ಮಾತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದ ಟಿವಿ ಗೇಮುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಯಂತ್ರದ ನಕಲು. ಡಬ್ಬದ ಮೇಲೆ ಯಾವುದೋ ಹೆಸರು, ಹಳದಿ ಕ್ಯಾಸೆಟ್ಟಿನ ಮೇಲೆ 9999999 ಆಟ ಎಂಬ ಬರಹ, ಒಳಗೆ ತಿರುಗಾಮುರುಗಾ ಬರುವ ಹತ್ತಿಪ್ಪತ್ತು ಆಟ. ಮಾರಿಯೊ, ಕಾಂಟ್ರಾ, ಟ್ಯಾಂಕಿನ ಆಟ, ಬಾತುಕೋಳಿಗೆ ಗುಂಡು ಹೊಡೆಯುವ ಆಟ. ನಮ್ಮ ಪೀಳಿಗೆಯ ಅಮರ ಕೃತಿಗಳು ಇವೇ ಆದದ್ದು, ನಕಲು ಮಾಡುವವನು ಆ ಚಿಪ್ಪಿಗೆ ತುಂಬಿದ್ದು ಇವನ್ನೇ ಎಂಬ ಕಾರಣಕ್ಕೆ. ಅವನು ಬೇರೆ ಹತ್ತು ತುಂಬಿದ್ದರೆ ನಾವು ಬೇರೆ ಹತ್ತಕ್ಕೆ ಕಣ್ಣೀರಿಡುತ್ತಿದ್ದೆವು. ಇನ್ನು ಆ ಆಟಗಳ ತವರಿನಲ್ಲಿ ಪರಿಸ್ಥಿತಿ ಹೇಗಿದೆ? ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸದಾಗಿ ಕೊಳ್ಳಲು ಸಿಗುವುದಿಲ್ಲ ಎಂದು ಗೊತ್ತಾಯಿತು. ಅವನ್ನು ಸಂಶೋಧಕರಿಗೆ ದೂರದಿಂದ ಆಡಿಸಿ ತೋರಿಸಲು ಗ್ರಂಥಾಲಯಗಳಿಗೆ ವಿನಾಯಿತಿ ಕೊಡಿ ಎಂದರೆ ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ 2024ರಲ್ಲಿ ಒಪ್ಪಲಿಲ್ಲ. ಅದೇ ಹೊತ್ತಿನಲ್ಲಿ ಹಳೆಯ ಆಟದ ಮೇಲಿನ ಪ್ರೀತಿಗೇನೂ ಬರವಿಲ್ಲ: 2021ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ನ ಒಂದು ಪ್ಯಾಕು 20 ಲಕ್ಷ ಡಾಲರಿಗೆ ಮಾರಿಹೋಯಿತು. ಅದರ ಬೆಲೆಯೆಲ್ಲ ಯಾರೂ ಅದನ್ನು ತೆರೆದು ಆಡಿಲ್ಲ ಎಂಬುದರಲ್ಲಿತ್ತು.

ಗುಣವೇ ಉಳಿಸುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ‘ಇ.ಟಿ.’ ಆಟದ ಕಥೆ. 1982ರಲ್ಲಿ ಅಟಾರಿ ಕಂಪನಿ ಸ್ಪೀಲ್‌ಬರ್ಗ್ ಚಿತ್ರದ ಹೆಸರಿನಲ್ಲಿ ಐದಾರು ವಾರದಲ್ಲಿ ಆತುರಾತುರವಾಗಿ ಮಾಡಿಸಿದ ಆಟ, ಅತ್ಯಂತ ಕೆಟ್ಟ ಆಟಗಳ ಪಟ್ಟಿಯಲ್ಲಿ ಅದರ ಹೆಸರು ಇವತ್ತಿಗೂ ಮೇಲೆ. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿದರು. 2014ರಲ್ಲಿ ಕ್ಯಾಮೆರಾ ಹಿಡಿದು ಹೋಗಿ ಅಗೆದು ತೆಗೆದರು. ಅವುಗಳಲ್ಲೊಂದು ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅತಿ ಕೆಟ್ಟದ್ದು ಮ್ಯೂಸಿಯಮ್ಮಿನಲ್ಲಿ ಕೂತಿದೆ, ಕನ್ನಡದ ಮೊದಲ ಮಾತಿನ ಚಿತ್ರ ಇಲ್ಲವೇ ಇಲ್ಲ.

ಈ ನಂಬಿಕೆಯಿಂದ ಹಳೆಯದಕ್ಕೆ ಮಾತ್ರ ಕೇಡಾದದ್ದಲ್ಲ. ಇವತ್ತು ಹಾಡು ಕಟ್ಟುವವನ ಹೆಗಲ ಮೇಲೆ ಕೂತು ಅವನನ್ನೂ ಕುಗ್ಗಿಸುತ್ತದೆ. ಎಪ್ಪತ್ತರ ದಶಕದಲ್ಲಿ ಬಂದ ನೂರಾರು ಚಿತ್ರಗಳಲ್ಲಿ ಹಿಂದಿಯ ಧಾಟಿಗೆ ಕನ್ನಡ ಪದ ಕೂರಿಸಿದ ಹಾಡುಗಳಿದ್ದವು, ಛಂದಸ್ಸು ಮುರಿದವಿದ್ದವು, ಅಶ್ಲೀಲವಾದವೂ ಇದ್ದವು. ಅವನ್ನು ನಾವು ಮರೆತಿದ್ದೇವೆ. ಆ ದಶಕದ ಆಯ್ದ ಹತ್ತನ್ನು ಈ ವಾರದ ಎಲ್ಲ ಹಾಡಿನ ಎದುರು ತೂಗಿ, ನೋಡಿ ಹೇಗೆ ಹಾಳಾಯಿತು ಎನ್ನುತ್ತೇವೆ. ತಕ್ಕಡಿಯ ಒಂದು ತಟ್ಟೆಯನ್ನು ಒತ್ತಿ ಹಿಡಿದು ತೂಕ ಮಾಡುವ ವ್ಯಾಪಾರ ಇದು. ಹೊಸಬರಲ್ಲಿ ಕೆಲವರು ಹೆದರಿ ಹಳೆಯ ಪಲ್ಲವಿಯನ್ನೇ ರೀಮಿಕ್ಸ್ ಮಾಡಿ ಬಚಾವಾಗುತ್ತಾರೆ. ಆಗ ನಾವೇ ಮತ್ತೆ, ನೋಡಿ ಸ್ವಂತದ್ದೇನೂ ಇಲ್ಲ ಎನ್ನುತ್ತೇವೆ.

ಒಳ್ಳೆಯ ಚಿತ್ರಕ್ಕೂ ಕಾವಲು ಬೇಕು ಎಂಬುದಕ್ಕೆ ‘ಘಟಶ್ರಾದ್ಧ’ ಸಾಕ್ಷಿ. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ 1977ರ ಚಿತ್ರ, ಬಿ.ವಿ. ಕಾರಂತರ ಸಂಗೀತ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಸ್ವರ್ಣಕಮಲ. ಇದಕ್ಕಿಂತ ದೊಡ್ಡ ಗುಣಪತ್ರ ಕನ್ನಡದ ಚಿತ್ರಕ್ಕೆ ಬೇರೇನಿರಲು ಸಾಧ್ಯ? ಆದರೂ ಚಿತ್ರ ಹೊಸ ಕಣ್ಣಿಗೆ ಕಾಣುವಂತಾಗಲು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂದೆ ಬರಬೇಕಾಯಿತು. ಚೌಕಟ್ಟು ಚೌಕಟ್ಟಾಗಿ ಗೀರು ಒರೆಸಿ, ಧ್ವನಿ ತಿದ್ದಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದನ್ನು ಉಳಿಸಿದ್ದು ಕಾಲವಲ್ಲ, ಹೆಸರು-ವಿಳಾಸ ಇರುವ ಮನುಷ್ಯರು, ಹಣ, ಪ್ರಯೋಗಾಲಯ. ಕಾಸರವಳ್ಳಿ ಬದುಕಿದ್ದಾರೆ, ಬೆಳಕು-ನೆರಳು ಎಷ್ಟಿರಬೇಕು ಎಂದು ಕೇಳಿದರೆ ಹೇಳುತ್ತಾರೆ. ಸುತ್ತಮುತ್ತಲಿನ ಎಷ್ಟೋ ಚಿತ್ರಗಳಿಗೆ ಹಾಗೆ ಕೇಳಲು ಯಾರೂ ಉಳಿದಿಲ್ಲ.

ಹಕ್ಕುದಾರರು ಬಿಡುವುದಿಲ್ಲ, ನಾವೇನು ಮಾಡೋಣ ಎಂಬ ನೆಪವೂ ಈಗ ಸಡಿಲವಾಗುತ್ತಿದೆ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ ‘ನಾಂದಿ’ಯೂ ಸೇರಿ 1964ರವರೆಗಿನ ಕನ್ನಡ ಚಿತ್ರಗಳು 2024ರ ಕೊನೆಗೆ ಆ ಕಟ್ಟಿನಿಂದ ಹೊರಬಂದಿವೆ. ಕಥೆ, ಹಾಡುಗಳ ಹಕ್ಕು ಬೇರೆ ಲೆಕ್ಕ, ಆದರೆ ಚಿತ್ರ ಎಲ್ಲರದು. ಒಳ್ಳೆಯ ಪ್ರತಿ ಇಲ್ಲದಿದ್ದರೆ ಎಲ್ಲರ ಚಿತ್ರವನ್ನು ಎಲ್ಲರೂ ಏನು ಮಾಡಬೇಕು? ಇವತ್ತಿನ ಚಿತ್ರಗಳೂ ಕ್ಷೇಮವಾಗಿಲ್ಲ. ಫಿಲ್ಮ್ ರೀಲು ಕೊಳೆಯಲು ದಶಕಗಳು ಬೇಕು, ಮೂಲೆಯಲ್ಲಿ ಬಿದ್ದ ಹಾರ್ಡ್‌ಡಿಸ್ಕ್ ಹತ್ತು ವರ್ಷದಲ್ಲಿ ತಿರುಗದೆ ಹೋಗಬಹುದು. 2010ರ ಆಚೀಚೆ ಡಿಜಿಟಲ್‌ಗೆ ಬಂದ ಸಣ್ಣ ಬಜೆಟ್ಟಿನ ಎಷ್ಟೋ ಕನ್ನಡ ಚಿತ್ರಗಳ ಮೂಲಪ್ರತಿ ಇವತ್ತು ಯಾರ ಮನೆಯ ಕಪಾಟಿನಲ್ಲಿದೆ ಎಂದು ಅವುಗಳ ನಿರ್ದೇಶಕರನ್ನೇ ಕೇಳಿ.

ಹಳೆಯದರ ಮೇಲೆ ನಿಜವಾಗಿ ಪ್ರೀತಿಯಿರುವವರು ಕೇಳಬೇಕಾದ್ದು ಹೆಚ್ಚೇನಿಲ್ಲ. ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ. ಆ ಹಣ ಪಡೆಯುವ ಪ್ರತಿ ನಿರ್ಮಾಪಕ ಒಂದು ಪೂರ್ಣ ಮೂಲಪ್ರತಿಯನ್ನು ತಂಪಾದ, ತೇವವಿಲ್ಲದ ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಲೇಬೇಕು ಎಂಬ ಷರತ್ತನ್ನು ಕಟ್ಟುನಿಟ್ಟಾಗಿ ನಡೆಸಲಿ. ಹಳೆಯ ನಿರ್ಮಾಪಕರ ಮನೆಯವರಿಂದ, ಲ್ಯಾಬುಗಳಿಂದ ಉಳಿದ ನೆಗೆಟಿವ್‌ಗಳನ್ನು ಹುಡುಕಿ ತರಲು ಜನರನ್ನು ನೇಮಿಸಲಿ. ಮೇರು ನಟರ ಪ್ರತಿಮೆಗೆ ಖರ್ಚಾಗುವ ಹಣದ ಒಂದು ಪಾಲು ಅವರು ನಟಿಸಿದ ರೀಲಿಗೆ ಹೋಗಲಿ. ನಿಮ್ಮ ಮನೆಯ ಅಟ್ಟದಲ್ಲಿ ನಾಟಕದ ಪ್ಲೇಟು, ಆಕಾಶವಾಣಿಯಿಂದ ಮುದ್ರಿಸಿಕೊಂಡ ಕ್ಯಾಸೆಟ್ಟು ಇದ್ದರೆ ಗುಜರಿಗೆ ಹಾಕುವ ಮೊದಲು ಒಬ್ಬ ಸಂಗ್ರಾಹಕನಿಗೆ, ಒಂದು ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಒಂದು ಫೋನು ಮಾಡಿ.

ಈ ದೇಶದಲ್ಲಿ ಯಾವುದೇ ಪುಸ್ತಕ ಅಚ್ಚಾದರೂ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳದೆ, ಅದರ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಕೆಲವು ಗ್ರಂಥಾಲಯಗಳಿಗೂ ಪ್ರಕಾಶಕ ತನ್ನ ಖರ್ಚಿನಲ್ಲಿ ಕಳಿಸಬೇಕೆಂಬ ಕಾನೂನು 1954ರಲ್ಲೇ ಆಗಿದೆ. ಸಿನಿಮಾಕ್ಕೆ ಅಂಥ ಕಾನೂನು ಇವತ್ತಿನವರೆಗೂ ಇಲ್ಲ.